‘ಏನಾದ್ರೂ ಒಂದು ಹೇಳಿಬಿಡಿ’: ತೀರ್ಮಾನಕ್ಕೆ ಹೆದರಿದ ಮ್ಯಾನೇಜರ್

ಒಳ್ಳೆಯ ಎಂಜಿನಿಯರ್ ಎನಿಸಿಕೊಂಡವರು ಮ್ಯಾನೇಜರ್ ಆದ ಮೇಲೆ ನಿದ್ದೆಗೆಟ್ಟು ಬರುವುದನ್ನು ಆಪ್ತಸಲಹೆಯಲ್ಲಿ ಮತ್ತೆ ಮತ್ತೆ ಕಾಣುತ್ತೇವೆ. ಕೆಲಸದ ಒತ್ತಡ ಎನ್ನುತ್ತಾರೆ. ಕೆದಕಿ ನೋಡಿದರೆ ಹೆಚ್ಚಿನ ಸಲ ಸಿಗುವುದು ತೀರ್ಮಾನವಾಗದೆ ಉಳಿದ ವಿಷಯಗಳ ರಾಶಿ. ಗುರುತು ಸಿಗದಂತೆ ವಿವರ ಬದಲಿಸಿದ ಒಂದು ಪ್ರಕರಣ ಇದು.

ಎಂಟು ಜನರ ತಂಡ. ಆರ್ಡರ್ ಬಂದ ಮೇಲೆ ಬಿಲ್, ಇಮೇಲ್, ದಾಸ್ತಾನಿನ ಕೆಲಸಗಳನ್ನು ಹಿನ್ನೆಲೆಯಲ್ಲಿ ಓಡಿಸಲು ಮೆಸೇಜ್ ಕ್ಯೂ (ಕೆಲಸದ ಸಂದೇಶಗಳನ್ನು ಸಾಲಾಗಿ ಹಿಡಿದಿಟ್ಟು ಒಂದೊಂದಾಗಿ ಕೊಡುವ ವ್ಯವಸ್ಥೆ) ಬೇಕಿತ್ತು. ಇದಕ್ಕೆ ಸಿಗುವ ತಂತ್ರಾಂಶಗಳಲ್ಲಿ ಒಬ್ಬ ಹಿರಿಯ ಎಂಜಿನಿಯರ್ ಕಾಫ್ಕಾ ಎಂದರು, ಇನ್ನೊಬ್ಬರು ರ‍್ಯಾಬಿಟ್‌ಎಂಕ್ಯೂ ಎಂದರು. ಇಬ್ಬರೂ ಒಪ್ಪುವವರೆಗೆ ಕಾಯೋಣ ಎಂದು ಮ್ಯಾನೇಜರ್ ಆರು ವಾರ ಸಭೆ ಕರೆದರು. ಅಷ್ಟರಲ್ಲಿ ಕಿರಿಯರಿಬ್ಬರು, ಯಾವುದು ಬಂದರೂ ಇರಲಿ ಎಂದು, ಎರಡಕ್ಕೂ ಹೊಂದುವ ಕೋಡ್ ಬರೆಯುತ್ತಾ ಕೂತಿದ್ದರು. ಅದರಲ್ಲಿ ಅರ್ಧ ಎಸೆಯಲೇಬೇಕಾದದ್ದು.

ಮೂರನೆಯ ಭೇಟಿಯಲ್ಲಿ ಮ್ಯಾನೇಜರ್ ಬೇಸರದಿಂದ ಹೇಳಿದರು: “ಕಾಫ್ಕಾ ಬೇಕು ಅಂದವರು ನನ್ನ ಮೇಲೆ ರೇಗಿಬಿಟ್ರು.”

“ಅವರು ಆಡಿದ ಮಾತನ್ನ ಹಾಗೇ ಹೇಳ್ತೀರಾ?”

“‘ನನ್ನದು ಬೇಡ ಅಂದ್ರೂ ಪರವಾಗಿಲ್ಲ, ಏನಾದ್ರೂ ಒಂದು ಹೇಳಿಬಿಡಿ’ ಅಂದ್ರು.”

ಇನ್ನೊಮ್ಮೆ ಹೇಳಲು ಕೇಳಿದೆ. ಎರಡನೆಯ ಸಲ ಹೇಳುವಾಗ ಮೊದಲ ಅರ್ಧಕ್ಕೇ ದನಿ ನಿಧಾನವಾಯಿತು. ಅವರಿಗೆ ಇಷ್ಟು ದಿನ ಕೇಳಿಸಿದ್ದು ಎರಡನೆಯ ಅರ್ಧ ಮಾತ್ರ. ಸೋಲಲು ತಯಾರಿದ್ದೇನೆ ಎಂದು ಆ ಎಂಜಿನಿಯರ್ ಮೊದಲೇ ಹೇಳಿಬಿಟ್ಟಿದ್ದರು.

“ಹಾಗಾದ್ರೆ ಎಲ್ಲರ ಒಪ್ಪಿಗೆ ಬೇಕಾಗಿದ್ದು ಯಾರಿಗೆ?” ಎಂದೆ.

ಬಹಳ ಹೊತ್ತು ಸುಮ್ಮನಿದ್ದು ಹೇಳಿದರು: “ನನಗೇ. ನಾಳೆ ಅದು ಕೈಕೊಟ್ಟರೆ, ಎಲ್ಲರೂ ಸೇರಿ ಆರಿಸಿದ್ದು ಅನ್ನಬಹುದಲ್ಲ.”

ಪ್ರಕರಣದ ಗಂಟು ಬಿಚ್ಚಿಕೊಂಡದ್ದು ಇಲ್ಲಿ. ತಂಡವನ್ನು ಗೌರವಿಸುತ್ತಿದ್ದೇನೆ ಎಂದು ಅವರು ನಂಬಿದ್ದ ಕಾಯುವಿಕೆ, ತಪ್ಪು ತಮ್ಮೊಬ್ಬರ ತಲೆಗೆ ಬಾರದಿರಲಿ ಎಂಬ ಏರ್ಪಾಡಾಗಿತ್ತು. ಬಯ್ಯುವ ವಿಷಯವಲ್ಲ ಇದು. ಕೋಡ್ ತಪ್ಪಾದರೆ ಟೆಸ್ಟ್ ಹೇಳುತ್ತದೆ. ಮ್ಯಾನೇಜರ್ ತೀರ್ಮಾನ ಸರಿಯೋ ತಪ್ಪೋ ಎಂಬುದು ತಿಂಗಳುಗಟ್ಟಲೆ ತಿಳಿಯುವುದಿಲ್ಲ. ಆ ಮಬ್ಬಿನಲ್ಲಿ ನಿಲ್ಲುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ.

ಆಪ್ತಸಲಹೆಗಾರರು ದಾರಿ ತೋರಿಸಬಾರದು, ಕೇಳಿಸಿಕೊಳ್ಳಬೇಕು ಎಂದು ವೃತ್ತಿಯಲ್ಲಿರುವ ಹಲವರು ಆಕ್ಷೇಪಿಸಬಹುದು. ದುಃಖ, ದಾಂಪತ್ಯದಂಥ ವಿಷಯದಲ್ಲಿ ನಾನೂ ಹಾಗೇ ನಡೆಯುತ್ತೇನೆ. ಇಲ್ಲಿ ಮಾತ್ರ ಭಯವನ್ನು ಶಮನ ಮಾಡಿ ಅದೇ ಸಭೆಗೆ ವಾಪಸು ಕಳಿಸಿದರೆ ಮರುವಾರವೇ ಭಯ ಮರಳುತ್ತದೆ. ಹಾಗಾಗಿ ಕೆಲಸದ ಕ್ರಮವನ್ನೂ ಹೇಳಿಕೊಟ್ಟೆ. (ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟಿದ್ದರೆ ಮೊದಲು ವೈದ್ಯರ ಬಳಿ ಕಳಿಸುತ್ತಿದ್ದೆ, ಇವರದು ಅಷ್ಟು ದೂರ ಹೋಗಿರಲಿಲ್ಲ.)

ಮೊದಲು ಬಾಕಿ ಇರುವುದನ್ನೆಲ್ಲ ಬರೆಸಿದೆ. ಹನ್ನೊಂದು ಬಂದವು. ಪ್ರತಿಯೊಂದರ ಎದುರು ಒಂದೇ ಪ್ರಶ್ನೆ: ತಪ್ಪಾದರೆ ಹಿಂದಕ್ಕೆ ಬರಲು ಎಷ್ಟು ದಿನ ಬೇಕು? ಲಾಗ್‌ನ ರೂಪ, ಟೆಸ್ಟ್ ಲೈಬ್ರರಿ ಇಂಥವು ಒಂದೇ ದಿನದಲ್ಲಿ ಬದಲಾಗುತ್ತವೆ. ಅವನ್ನು ಆ ಕೆಲಸ ಮಾಡುವವರಿಗೇ ಬಿಟ್ಟುಕೊಡಬೇಕು. ಗ್ರಾಹಕರು ಬಳಸುವ ಎಪಿಐ (ಅವರ ತಂತ್ರಾಂಶವನ್ನು ಇವರದಕ್ಕೆ ಜೋಡಿಸುವ ಕೊಂಡಿ), ದತ್ತಾಂಶದ ಸ್ಕೀಮಾ (ಅದನ್ನು ಜೋಡಿಸಿಡುವ ವಿನ್ಯಾಸ), ಒಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳುವುದು ಇಂಥವಕ್ಕೆ ಮಾತ್ರ ನಿಧಾನ ಸಲ್ಲುತ್ತದೆ. ಹನ್ನೊಂದರಲ್ಲಿ ಏಳು ಅವರ ಬಳಿ ಇರಬೇಕಾದವೇ ಅಲ್ಲ.

ಉಳಿದವಕ್ಕೆ ಇಂಟೆಲ್ ಕಂಪನಿಯನ್ನು ನಡೆಸಿದ ಆ್ಯಂಡಿ ಗ್ರೋವ್ 1983ರಲ್ಲೇ ಬರೆದಿಟ್ಟ ಆರು ಪ್ರಶ್ನೆಗಳು ಈಗಲೂ ಸಾಕು: ತೀರ್ಮಾನವಾಗಬೇಕಾದ್ದು ಏನು, ಯಾವಾಗ, ಯಾರು ಮಾಡುವುದು, ಮೊದಲು ಯಾರನ್ನು ಕೇಳಬೇಕು, ಅಂಗೀಕರಿಸುವ ಅಥವಾ ತಳ್ಳಿಹಾಕುವ ಅಧಿಕಾರ ಯಾರದು, ಆಮೇಲೆ ಯಾರಿಗೆ ತಿಳಿಸಬೇಕು. ಇವರ ಆರು ವಾರದಲ್ಲಿ ‘ಯಾವಾಗ’ ಮತ್ತು ‘ಯಾರು’ ಎಂಬುವಕ್ಕೆ ಉತ್ತರವೇ ಇರಲಿಲ್ಲ. ಮತಕ್ಕೆ ಹಾಕಲೇ ಎಂದು ಕೇಳಿದರು, ಬೇಡ ಎಂದೆ. ಕೈಯೆತ್ತಿದವರೆಲ್ಲ ರಾತ್ರಿ ಎರಡಕ್ಕೆ ಎದ್ದು ಆ ವ್ಯವಸ್ಥೆಯನ್ನು ರಿಪೇರಿ ಮಾಡುವುದಿಲ್ಲ.

ಸಭೆಗೂ ಮೊದಲೇ ಎಲ್ಲರ ಅಭಿಪ್ರಾಯ ಬರಹದಲ್ಲಿ ಬರಬೇಕು, ಕಿರಿಯರು ಮೊದಲು ಮಾತಾಡಬೇಕು, ಮ್ಯಾನೇಜರ್ ಕೊನೆಗೆ. ಮ್ಯಾನೇಜರ್ ಮೊದಲೇ ಒಲವು ತೋರಿದರೆ ಮಿಕ್ಕವರು ತಲೆಯಾಡಿಸಿ ಮುಗಿಸುತ್ತಾರೆ.

ಬರಹಗಳು ಬಂದಾಗ ಆರು ವಾರದಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಒಬ್ಬ ಕಿರಿಯರು ಕೇಳಿದ್ದರು: ಹಳೆಯ ಮೆಸೇಜ್‌ಗಳನ್ನು ಮತ್ತೆ ಓದುವ ಅಗತ್ಯ ನಮಗಿದೆಯೇ? ಕಾಫ್ಕಾ ಮೆಸೇಜ್‌ಗಳನ್ನು ನಿಗದಿತ ಅವಧಿಯವರೆಗೆ ಉಳಿಸಿಕೊಳ್ಳುತ್ತದೆ. ರ‍್ಯಾಬಿಟ್‌ಎಂಕ್ಯೂನ ಸಾಮಾನ್ಯ ಕ್ಯೂ, ಮೆಸೇಜ್ ತಲುಪಿತು ಎಂಬ ಸ್ವೀಕೃತಿ ಬಂದೊಡನೆ ಅದನ್ನು ಅಳಿಸುತ್ತದೆ. ಅಗತ್ಯ ಇರಲಿಲ್ಲ. ಎರಡು ದಿನ ಅಳತೆ ಮಾಡಿದಾಗ ಮೆಸೇಜ್‌ಗಳ ಪ್ರಮಾಣವೂ ಕಡಿಮೆಯೇ ಎಂದು ಕಂಡಿತು. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಆಗಲೇ ಓಡುತ್ತಿತ್ತು, ಅದರಲ್ಲಿ 9.5ನೇ ಆವೃತ್ತಿಯಿಂದ ‘ಸ್ಕಿಪ್ ಲಾಕ್ಡ್’ (ಬೇರೊಂದು ಪ್ರಕ್ರಿಯೆ ಹಿಡಿದಿರುವ ಸಾಲನ್ನು ಬಿಟ್ಟು ಮುಂದಿನದನ್ನು ತೆಗೆದುಕೊಳ್ಳುವ ಸೌಲಭ್ಯ) ಇರುವುದರಿಂದ ಒಂದು ಟೇಬಲ್ಲನ್ನೇ ಕ್ಯೂ ಮಾಡಿಕೊಳ್ಳಬಹುದು. ಮ್ಯಾನೇಜರ್ ಅದನ್ನೇ ಆರಿಸಿದರು.

ಪ್ರಕಟಿಸುವ ಮುನ್ನ ಇಬ್ಬರು ಹಿರಿಯರಿಗೂ ಬೇರೆಬೇರೆಯಾಗಿ ಹೇಳಿ ಎಂದಿದ್ದೆ. ಎಲ್ಲರೆದುರು ಮೊದಲ ಸಲ ಕೇಳಿದರೆ ಮನಸ್ಸು ಮುರಿಯುತ್ತದೆ. ತೀರ್ಮಾನವನ್ನು ಒಂದು ಪುಟದಲ್ಲಿ ಬರೆದಿಟ್ಟರು. ಸಂದರ್ಭ, ತೀರ್ಮಾನ, ಸ್ಥಿತಿ, ಪರಿಣಾಮ ಎಂಬ ಈ ಕ್ರಮವನ್ನು ತಂತ್ರಾಂಶ ತಜ್ಞ ಮೈಕೆಲ್ ನೈಗಾರ್ಡ್ 2011ರಲ್ಲಿ ಮುಂದಿಟ್ಟದ್ದು. ಅದಕ್ಕೆ ಇನ್ನೊಂದು ಸಾಲು ಸೇರಿಸಲು ಹೇಳಿದೆ: ಏನಾದರೆ ಇದನ್ನು ಮತ್ತೆ ತೆರೆಯುತ್ತೇವೆ? ಕಾಫ್ಕಾ ಬೇಕೆಂದಿದ್ದವರೇ ಅದನ್ನು ಬರೆದರು: “ಅದೇ ಮೆಸೇಜನ್ನು ಇನ್ನೊಂದು ತಂಡವೂ ಓದಬೇಕಾಗಿ ಬಂದ ದಿನ.” ರ‍್ಯಾಬಿಟ್‌ಎಂಕ್ಯೂ ಬೇಕೆಂದಿದ್ದವರು ಕೆಲವು ವಾರ ಮುನಿಸಿಕೊಂಡೇ ಇದ್ದರು. ಅದನ್ನು ಸರಿಪಡಿಸಲು ಓಡಬೇಡಿ, ಕೆಲಸ ನಿಲ್ಲದಿದ್ದರೆ ಸಾಕು ಎಂದೆ.

ಪಟ್ಟಿಯಲ್ಲಿ ಕೊನೆಗೆ ಉಳಿದದ್ದು ಕೆಲಸ ನಿರೀಕ್ಷೆಯ ಮಟ್ಟಕ್ಕೆ ಬಾರದ ಒಬ್ಬ ಸದಸ್ಯರ ವಿಷಯ. ಅದಕ್ಕೆ ಯಾವ ಅಳತೆಯೂ ಎರಡು ದಿನದಲ್ಲಿ ಉತ್ತರ ಕೊಡುವುದಿಲ್ಲ. ಮುಂದಿನ ಭೇಟಿಗಳು ಅದಕ್ಕೇ ಹೋದವು.