ಮುತ್ತಾತನ ಹೆಸರು ಯಾವ ರಿಜಿಸ್ಟರಿನಲ್ಲಿದೆ?

ಪ್ರಶ್ನೆ: ನಮ್ಮ ಮುತ್ತಾತ ದೊಡ್ಡ ಬರದಲ್ಲಿ ಅಪ್ಪ ಅಮ್ಮನನ್ನು ಕಳೆದುಕೊಂಡು ಕೋಲಾರದ ಮಿಷನ್ ಅನಾಥಾಲಯದಲ್ಲಿ ಬೆಳೆದರಂತೆ. ನಾವೀಗ ಬೆಂಗಳೂರಿನಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು. ನಮ್ಮ ಸಭೆಯ ಹಳೇ ಪುಸ್ತಕಗಳಲ್ಲಿ ಅವರ ಹೆಸರಿಲ್ಲ. ಇನ್ನೆಲ್ಲಿ ಹುಡುಕಲಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನೀವೀಗ ಯಾವ ಸಭೆಯವರು ಅನ್ನುವುದನ್ನು ಬದಿಗಿಡಿ. ಆಗ ಆ ಊರಿನಲ್ಲಿ ಯಾವ ಮಿಷನ್ ಇತ್ತು ಅಂತ ನೋಡಬೇಕು. ತುಮಕೂರಿನಲ್ಲಿ ಇದ್ದವರು ವೆಸ್ಲಿಯನ್ ಮಿಷನ್‌ನವರು, ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್‌ನವರು. ಈ ಎರಡೂ ಕಡೆಯ ಸಭೆಗಳು 1947ರಲ್ಲಿ ಸಿಎಸ್‌ಐ ಆದವು. ಕೋಲಾರದ್ದು ಬೇರೆ ಕಥೆ. ಅಲ್ಲಿನ ಮಿಷನ್ 1890ರಲ್ಲಿ ಅಮೆರಿಕನ್ ಮೆಥೋಡಿಸ್ಟರ ಕೈಗೆ ಬಂತು. ಅವರು ಸಿಎಸ್‌ಐ ಸೇರಲೇ ಇಲ್ಲ. ಕೋಲಾರದ ಇಟಿಸಿಎಂ ಆಸ್ಪತ್ರೆ ಕಟ್ಟಿದವರೂ ಅವರೇ. ಹಾಗಾಗಿ ನೀವು ಹೋಗಬೇಕಾದದ್ದು ಕೋಲಾರದ ಮೆಥೋಡಿಸ್ಟ್ ಚರ್ಚಿಗೆ.

ಅಲ್ಲಿನ ಸಭಾಪಾಲಕರಿಗೆ, ಅಂದರೆ ಪಾದ್ರಿಗಳಿಗೆ, ಮೊದಲೇ ಒಂದು ಪತ್ರ ಬರೆಯಿರಿ. ಭಾನುವಾರ ಆರಾಧನೆ ಮುಗಿದ ಮೇಲೆ ಹಿರಿಯರು ಸಿಗುತ್ತಾರೆ, ಅವರ ಹತ್ತಿರ ಸುಮ್ನೆ ಕೂತು ಮಾತಾಡಿ. ಮನೆಯಲ್ಲಿ ಕರೆಯುತ್ತಿದ್ದ ಹೆಸರು, ದೀಕ್ಷಾಸ್ನಾನದ (ಬ್ಯಾಪ್ಟಿಸಂ) ಹೆಸರು ಎರಡನ್ನೂ ಬರೆದುಕೊಂಡು ಹೋಗಿ. ಯೇಸುದಾಸ, ಸಮುವೇಲ ಅಂತ ಒಂದೇ ಹೆಸರಿನವರು ಜಾಸ್ತಿ ಇರುತ್ತಾರೆ, ಅಲ್ವಾ?

ದೀಕ್ಷಾಸ್ನಾನದ ಪುಸ್ತಕಕ್ಕಷ್ಟೇ ನಿಲ್ಲಬೇಡಿ, ಮದುವೆ ರಿಜಿಸ್ಟರ್ ಕೇಳಿ. ಅದರಲ್ಲಿ ವಯಸ್ಸು, ಕಸುಬು, ಊರು, ತಂದೆಯ ಹೆಸರು, ಸಾಕ್ಷಿಗಳು ಎಲ್ಲ ಒಂದೇ ಸಾಲಿನಲ್ಲಿ ಸಿಗುತ್ತವೆ. ನಮ್ಮಜ್ಜಿಯ ಮದುವೆ ಪುಟ ನನಗೆ ತುಮಕೂರಿನಲ್ಲಿ ಸಿಕ್ಕಿತು. ಅಜ್ಜಿಗೆ ಓದು ಬರಹ ಬಾರದು ಅಂತಲೇ ನಾವೆಲ್ಲ ನಂಬಿದ್ದೆವು. ಆ ಪುಟದಲ್ಲಿ ತಾತನದು ಹೆಬ್ಬೆಟ್ಟು. ಪಕ್ಕದಲ್ಲೇ, ಕಂದು ಬಣ್ಣಕ್ಕೆ ತಿರುಗಿದ ಶಾಯಿಯಲ್ಲಿ, ಅಜ್ಜಿಯ ಸಹಿ! ಒಂದೊಂದೇ ಅಕ್ಷರ ಬಿಡಿಸಿ ಬರೆದ ಕನ್ನಡ. ಒತ್ತಕ್ಷರ ಸಾಲಿನಿಂದ ಕೆಳಗೆ ಇಳಿದಿತ್ತು. ಅಲ್ಲಿಂದ ಏಳೋಕೆ ಮನಸ್ಸೇ ಬರಲಿಲ್ಲ.

ಒಂದು ವಿಷಯಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ನೀವು ಹೇಳುವ ಬರ 1876–78ರ ಧಾತು-ಈಶ್ವರ ಬರವೇ (ಆ ಎರಡು ಸಂವತ್ಸರಗಳ ಹೆಸರು ಅದಕ್ಕೆ) ಇರಬೇಕು. ಆಗ ಅನಾಥಾಲಯಕ್ಕೆ ಬಂದ ಎಷ್ಟೋ ಮಕ್ಕಳಿಗೆ ತಮ್ಮ ಊರಿನ ಹೆಸರು ಹೇಳುವ ವಯಸ್ಸೂ ಇರಲಿಲ್ಲ. ತಂದೆಯ ಹೆಸರಿನ ಜಾಗ ಖಾಲಿ ಇದ್ದರೆ ಅಷ್ಟಕ್ಕೇ ವಾಪಸ್ ಬರಬೇಡಿ. ಸಾಕ್ಷಿ ಹಾಕಿದವರ ಹೆಸರುಗಳನ್ನು ಬರೆದುಕೊಳ್ಳಿ. ಜೊತೆಯಲ್ಲಿ ಬೆಳೆದವರೇ ಒಬ್ಬರಿಗೊಬ್ಬರು ಅಣ್ಣ ತಮ್ಮಂದಿರಾಗಿ ನಿಂತಿರುತ್ತಾರೆ. ಅವರ ಮೊಮ್ಮಕ್ಕಳು ಕೋಲಾರದಲ್ಲೇ ಇರಬಹುದು.

ಬೆಂಗಳೂರಿನ ಯುನೈಟೆಡ್ ಥಿಯೊಲಾಜಿಕಲ್ ಕಾಲೇಜಿನಲ್ಲಿ ಮಿಷನ್‌ಗಳ ಹಳೇ ಕಾಗದಪತ್ರಗಳ ಸಂಗ್ರಹ ಇದೆ, ಅಲ್ಲೂ ವಿಚಾರಿಸಿ. ಅಮೆರಿಕನ್ ಮೆಥೋಡಿಸ್ಟರ ದಾಖಲೆಗಳು ನ್ಯೂಜೆರ್ಸಿಯ ಡ್ರೂ ವಿಶ್ವವಿದ್ಯಾಲಯದ ಆವರಣದಲ್ಲಿವೆ, ಇಮೇಲ್ ಬರೆದು ಕೇಳಬಹುದು.

ಸಮಾಧಿ ಸ್ಥಳಕ್ಕೂ ಹೋಗಿ ಬನ್ನಿ, ಬೆಳಿಗ್ಗೆ ಹೊತ್ತು. ಎಳೆ ಬಿಸಿಲು ಓರೆಯಾಗಿ ಬಿದ್ದಾಗ ಸವೆದ ಅಕ್ಷರವೂ ಕಾಣುತ್ತದೆ. ಏನು ಸಿಕ್ಕಿತು ಅಂತ ನನಗೂ ಬರೆಯಿರಿ.