ಹರೇನ್ ದಾಸ್ ಚಿತ್ರಗಳಲ್ಲಿ ದುಡಿಯುವ ಜನ ಅಷ್ಟು ನೆಮ್ಮದಿಯಾಗಿ ಕಾಣುವುದು ಯಾಕೆ?

ಹರೇನ್ ದಾಸ್ (1921–1993) ಬಂಗಾಳದವರು. ರೈತರು, ಮೀನುಗಾರರು, ಎತ್ತಿನ ಗಾಡಿಗಳನ್ನು ಮರದಲ್ಲಿ ಕೊರೆದು ಅಚ್ಚು ಹಾಕಿದರು.

ಮೊದಲು ಕೊರೆಯುವ ರೀತಿ ನೋಡಿ. ಗಟ್ಟಿ ಮರವನ್ನು ಅಡ್ಡ ಕೊಯ್ದು, ಆ ಮುಖವನ್ನು ನುಣುಪು ಮಾಡಿ, ಚೂಪು ಉಳಿಯಿಂದ ಕೂದಲೆಳೆಯಷ್ಟು ಸಣ್ಣ ಗೀರು ಹಾಕುತ್ತಾರೆ. ಮೇಲೆ ಮಸಿ ಸವರಿ ಕಾಗದ ಒತ್ತುತ್ತಾರೆ; ಗೀರಿದ ಜಾಗಕ್ಕೆ ಮಸಿ ಹತ್ತುವುದಿಲ್ಲ, ಕಾಗದದಲ್ಲಿ ಅದು ಬಿಳಿಯಾಗಿ ಉಳಿಯುತ್ತದೆ. ಹಾಗಾಗಿ ನೀರಿನ ಹೊಳಪು, ಬೆನ್ನ ಮೇಲಿನ ಬಿಸಿಲು, ಎಲ್ಲಾ ಗೀರಿನಿಂದಲೇ ಬರಬೇಕು. ಕೈ ಜಾರಿದರೆ ಅಳಿಸೋಕಾಗಲ್ಲ. ಆ ನಿಧಾನ ಚಿತ್ರಕ್ಕೂ ಇಳಿಯುತ್ತದೆ.

ಎರಡನೆಯದು ಅವರ ಆಯ್ಕೆ. ಅದೇ ಬಂಗಾಳದ ಇನ್ನೊಬ್ಬ ಕಲಾವಿದ ಚಿತ್ತಪ್ರಸಾದ್ 1943ರ ಕ್ಷಾಮದಲ್ಲಿ ಎಲುಬು ಕಾಣುವ ಜನರನ್ನು ಬರೆದರು. ದಾಸ್ ಒಲವು ದಿನದ ಬದುಕಿನ ಕಡೆಗೇ ಜಾಸ್ತಿ.

ನಾನು ಸಿಂಧನೂರು ಕಡೆಯವನು. ಕಾಲುವೆಗೆ ನೀರು ಬಿಟ್ಟರೆ ಸಾಕು, ನಾಟಿ ಶುರು. ಮೊಣಕಾಲುವರೆಗೆ ಕೆಸರು, ಎಡಗೈಯಲ್ಲಿ ಸಸಿ ಕಟ್ಟು, ಸಂಜೆವರೆಗೆ ಬಗ್ಗಿದ ಸೊಂಟ. ದಾಸ್ ಚಿತ್ರದಲ್ಲಿ ಆ ಬಿಸಿಲು ಸಿಗುತ್ತದೆ, ಸೊಂಟನೋವು ಸಿಗಲ್ಲ. (ಇಲ್ಲಿನ ನಿರಾಶ್ರಿತರ ಕ್ಯಾಂಪುಗಳಲ್ಲಿ ನೆಲೆಸಿದ ಬಂಗಾಳಿ ಕುಟುಂಬಗಳಿಗೆ ತೋರಿಸಿ ಕೇಳಬೇಕು, ಏನಂತಾರೋ!) ನನಗಂತೂ ಅದು ಸ್ವಲ್ಪ ಜಾಸ್ತಿಯೇ ಚೆಂದ.