ಸೈಕಲ್ ಪ್ರಶ್ನೋತ್ತರ: ರಿಮ್ ಸವೆದಿದೆ, ಯಾವುದು ಹಾಕಿಸಲಿ?

ಪ್ರಶ್ನೆ: ಸರ್, ನನ್ನದು ಏಳೆಂಟು ವರ್ಷ ಹಳೆಯ ರೋಡ್ ಬೈಕ್, ರಿಮ್ ಬ್ರೇಕ್. ಸರ್ವಿಸಿಗೆ ಕೊಟ್ಟಾಗ ಮೆಕ್ಯಾನಿಕ್ "ಹಿಂದಿನ ರಿಮ್ ಸವೆದಿದೆ, ಬದಲಿಸಿಬಿಡಿ" ಅಂದರು. ನೋಡೋಕೆ ಚೆನ್ನಾಗೇ ಇದೆ, ಬೆಂಡ್ ಕೂಡ ಇಲ್ಲ. ಹಬ್ (ಚಕ್ರದ ನಡುಭಾಗ) 28 ಕಡ್ಡಿ ತೂತಿನದ್ದು. ಇನ್ನೊಂದು ಅಂಗಡಿಯವರು 32 ತೂತಿನ ರಿಮ್ ಇದೆ, ಅದನ್ನೇ ಕೂರಿಸಿಕೊಡ್ತೀನಿ ಅಂತಾರೆ. ನನ್ನ ತೂಕ 84 ಕೆಜಿ, ಭಾನುವಾರ ಬಂದರೆ ಘಾಟಿ ಹತ್ತುವ ಹುಚ್ಚು. ಹಗುರ ರಿಮ್ ಹಾಕಿಸಿದರೆ ಹತ್ತೋದು ಸುಲಭ ಆಗುತ್ತಾ?
– ಓದುಗರು, ಚಿಕ್ಕಮಗಳೂರು

ಉತ್ತರ: ಮೊದಲು ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿಯಾ ಅಂತ ನೀವೇ ನೋಡಿ. ರಿಮ್ ಪಕ್ಕದಲ್ಲಿ ಬ್ರೇಕ್ ಕಟ್ಟೆ (ಬ್ರೇಕಿನ ರಬ್ಬರ್ ಪ್ಯಾಡ್) ಉಜ್ಜುವ ಪಟ್ಟಿ ಇದೆಯಲ್ಲ, ಅದರ ಮೇಲೆ ಉಕ್ಕಿನ ಸ್ಕೇಲನ್ನು ಅಡ್ಡ ಇಟ್ಟು ಬೆಳಕಿಗೆ ಹಿಡಿಯಿರಿ. ಮಧ್ಯದಲ್ಲಿ ಬೆಳಕು ತೂರಿ ಬಂದರೆ ಅಲ್ಲಿ ಗುಳಿ ಬಿದ್ದಿದೆ. ಉಗುರು ಆಡಿಸಿದರೂ ಗೊತ್ತಾಗುತ್ತದೆ. ಎಷ್ಟೋ ರಿಮ್‌ಗಳಲ್ಲಿ ಕಂಪನಿಯವರೇ ಒಂದು ಚಿಕ್ಕ ಚುಕ್ಕೆಯನ್ನೋ ಗೀರನ್ನೋ ಕೊರೆದಿರುತ್ತಾರೆ, ಅದು ಮಾಯವಾಗಿದ್ದರೆ ರಿಮ್‌ನ ಆಯುಸ್ಸು ಮುಗಿಯಿತು ಅಂತ ಲೆಕ್ಕ. ಆ ಪಟ್ಟಿಯಿರುವ ರಿಮ್‌ನ ಪಕ್ಕದ ಗೋಡೆ 1 ಮಿ.ಮೀ.ಗಿಂತ ತೆಳುವಾಗಿದ್ದರೆ ಇನ್ನು ಓಡಿಸಬೇಡಿ. ಬೆಂಡ್ ಇಲ್ಲ ಅನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಟಯರಿನ ಗಾಳಿ ಒಳಗಿನಿಂದ ಆ ಗೋಡೆಯನ್ನು ಸದಾ ಹೊರಕ್ಕೆ ತಳ್ಳುತ್ತಿರುತ್ತದೆ, ತೆಳುವಾದ ಕಡೆ ಒಂದು ದಿನ ಸೀಳಿಕೊಳ್ಳುತ್ತದೆ, ಅದು ಇಳಿಜಾರಲ್ಲೇ ಆದರೆ ಕಥೆ ಬೇರೆ. ನಿಮ್ಮ ಕಡೆ ಮಳೆಯಲ್ಲಿ ರಿಮ್ ಬೇಗ ಸವೆಯೋದು ಸಹಜ. ಬ್ರೇಕ್ ಕಟ್ಟೆ ಬಿಚ್ಚಿ ನೋಡಿ, ರಬ್ಬರಿನೊಳಗೆ ಅಲ್ಯೂಮಿನಿಯಂ ಚೂರುಗಳು ಮಿಣಮಿಣ ಅನ್ನುತ್ತಿರುತ್ತವೆ. ಸೂಜಿಯಲ್ಲಿ ಕಿತ್ತು ತೆಗೆಯಿರಿ, ಇಲ್ಲದಿದ್ದರೆ ಹೊಸ ರಿಮ್ಮನ್ನೂ ಅವೇ ಕೆರೆದು ತಿನ್ನುತ್ತವೆ.

32 ತೂತಿನ ರಿಮ್ ಬೇಡವೇ ಬೇಡ. 28ರ ಹಬ್‌ಗೆ 28ರ ರಿಮ್ಮೇ ಬೇಕು, ಇದರಲ್ಲಿ ಅಡ್ಜಸ್ಟ್ ಅನ್ನೋ ಮಾತಿಲ್ಲ. ಹಳೆಯ ವೀಲ್‌ನಲ್ಲಿ ಕಡ್ಡಿಗಳು ಎರಡೆರಡೋ ಮೂರು ಮೂರೋ ಗುಂಪಾಗಿ ಕೂತಿದ್ದರೆ ಅದಕ್ಕೆ ಅದೇ ಕಂಪನಿಯ ರಿಮ್ ಹುಡುಕಬೇಕಾಗುತ್ತದೆ, ಸಿಗೋದು ಕಷ್ಟ. ಸಮಾನ ಅಂತರದಲ್ಲಿದ್ದರೆ ಚಿಂತೆಯಿಲ್ಲ.

ಇನ್ನು ತೂಕದ ವಿಷಯ. ನೀವು, ಸೈಕಲ್ಲು, ನೀರು, ಪಂಪು ಎಲ್ಲ ಸೇರಿ 95 ಕೆಜಿ ಅಂದುಕೊಳ್ಳೋಣ. ಹಗುರ ರಿಮ್ ಅಂತ ಜಾಸ್ತಿ ದುಡ್ಡು ಕೊಟ್ಟು 60 ಗ್ರಾಂ ಉಳಿಸಿದಿರಿ. ಬಾಟಲಿಯಿಂದ ಎರಡು ಗುಟುಕು ನೀರು ಚೆಲ್ಲಿದರೂ ಅಷ್ಟೇ ಉಳಿಯುತ್ತದೆ (ಚೆಲ್ಲಿದರೆ ಮಾತ್ರ, ಕುಡಿದರೆ ಇಲ್ಲ). 28 ಕಡ್ಡಿ, 84 ಕೆಜಿ, ಹಿಂದಿನ ಚಕ್ರ: ಇಲ್ಲಿ ಬೇಕಾಗಿರೋದು ಗಟ್ಟಿ ರಿಮ್. 450ರಿಂದ 500 ಗ್ರಾಂ ತೂಗುವ, ಒಳಗಿನ ಅಗಲ 17ರಿಂದ 19 ಮಿ.ಮೀ. ಇರುವ ಅಲ್ಯೂಮಿನಿಯಂ ರಿಮ್ ತೆಗೆದುಕೊಳ್ಳಿ. ಡಿಟಿ ಸ್ವಿಸ್ ಆರ್ 460, ಎಚ್ ಪ್ಲಸ್ ಸನ್ ಆರ್ಕಿಟೈಪ್ ಈ ಜಾತಿಯವು. ಆದರೆ ಆರ್ಡರ್ ಮಾಡುವಾಗ ಕಣ್ಣು ಬಿಟ್ಟು ನೋಡಿ: ಒಂದೇ ಹೆಸರಿನಲ್ಲಿ ಡಿಸ್ಕ್ ಬ್ರೇಕಿನ ರಿಮ್ ಕೂಡ ಇರುತ್ತದೆ, ಅದಕ್ಕೆ ಬ್ರೇಕ್ ಉಜ್ಜುವ ಪಟ್ಟಿಯೇ ಇರುವುದಿಲ್ಲ. ಡಿಟಿ ಸ್ವಿಸ್‌ನವರದ್ದಾದರೆ ಹೆಸರಿನ ಕೊನೆಗೆ 'ಡಿಬಿ' ಅಂತಿದ್ದರೆ ಅದು ಡಿಸ್ಕಿನದ್ದು. ಹೊಸ ರಿಮ್ ಹಳೆಯದಕ್ಕಿಂತ ಅಗಲವಾಗಿರುತ್ತದೆ, ಆದ್ದರಿಂದ ಬ್ರೇಕ್ ಕೇಬಲ್ ಸಡಿಲಿಸಿ ಮತ್ತೆ ಕೂರಿಸಬೇಕು, ಮತ್ತು ನಿಮ್ಮ ಅದೇ ಹಳೆ ಟಯರ್ ಸ್ವಲ್ಪ ಉಬ್ಬಿ ಕೂರುತ್ತದೆ. ಫ್ರೇಮಿಗೆ ತಾಗುವುದಿಲ್ಲ ತಾನೇ ಅಂತ ಮೊದಲೇ ನೋಡಿಕೊಳ್ಳಿ.

ಹಳೆ ಕಡ್ಡಿಗಳನ್ನೇ ಬಳಸಬಹುದಾ ಅಂತ ನೀವು ಕೇಳಿಲ್ಲ, ಆದರೆ ದುಡ್ಡು ಉಳಿಯೋದು ಅಲ್ಲೇ. ರಿಮ್ ವಿವರದಲ್ಲಿ ಇಆರ್‌ಡಿ ಅಂತ ಒಂದು ಅಳತೆ ಇರುತ್ತದೆ. ಎದುರುಬದುರು ಕಡ್ಡಿಗಳ ತುದಿ ನಿಪ್ಪಲ್‌ನಲ್ಲಿ (ಕಡ್ಡಿಯನ್ನು ರಿಮ್‌ಗೆ ಬಿಗಿಯುವ ಪುಟ್ಟ ನಟ್ಟು) ಕೂರುವ ಜಾಗಗಳ ನಡುವಿನ ದೂರ ಅದು. ಹಳೆಯದಕ್ಕೂ ಹೊಸದಕ್ಕೂ ಒಂದೆರಡು ಮಿ.ಮೀ. ವ್ಯತ್ಯಾಸವಿದ್ದರೆ ನಡೆಯುತ್ತದೆ. 6 ಮಿ.ಮೀ. ಇದ್ದರೆ ಕಡ್ಡಿಯ ಉದ್ದವೇ 3 ಮಿ.ಮೀ. ಬದಲಾಗಬೇಕು, ಹಳೆಯವು ಬಾರವು. ಅಳತೆ ಹೊಂದಿದರೆ ಕೆಲಸ ಸಲೀಸು: ಹೊಸ ರಿಮ್ಮನ್ನು ಹಳೆಯದರ ಪಕ್ಕಕ್ಕೆ, ವಾಲ್ವ್ ತೂತಿಗೆ ವಾಲ್ವ್ ತೂತು ಸರಿಹೊಂದಿಸಿ ಟೇಪ್ ಸುತ್ತಿ, ಒಂದೊಂದೇ ಕಡ್ಡಿ ದಾಟಿಸುತ್ತಾ ಹೋಗೋದು. ಕೊನೆಗೆ ಬಿಗಿ ಮಾಡಿ ಬೆಂಡ್ ತೆಗೆಯೋದನ್ನು ಮಾತ್ರ ಕಡ್ಡಿಯ ಬಿಗಿ ಅಳೆಯುವ ಟೆನ್ಷನ್ ಮೀಟರ್ ಇಟ್ಟುಕೊಂಡಿರುವವರ ಕೈಗೇ ಕೊಡಿ. ಚೈನ್ ಗೇರಿನ ಹಿಂದೆ ಬಿದ್ದು ಕಡ್ಡಿಗಳಿಗೆ ಗಾಯ ಮಾಡಿದ್ದರೆ ಮುಲಾಜಿಲ್ಲದೆ ಬದಲಿಸಿ. ನಿಪ್ಪಲ್ಲುಗಳು ಹೇಗಿದ್ದರೂ ಹೊಸವೇ ಇರಲಿ, ಹಿತ್ತಾಳೆಯವು.

ಮುಂದಿನ ರಿಮ್ ಚೆನ್ನಾಗಿದ್ದರೆ ಸುಮ್ನೆ ಬಿಡಿ. ಜೋಡಿ ಕಾಣಲಿ ಅಂತ ಬದಲಿಸೋದು ದುಡ್ಡು ಜಾಸ್ತಿಯಾದವರ ಕೆಲಸ.

ಪ್ರಶ್ನೆ: ನನ್ನ ರಿಮ್ ಬ್ರೇಕ್ ಬೈಕಿಗೆ ಕಾರ್ಬನ್ ರಿಮ್ ಹಾಕಿಸಬೇಕೆಂದಿದ್ದೇನೆ. ಚಾರ್ಮಾಡಿ, ಶಿರಾಡಿ ಕಡೆ ಓಡಾಟ ಜಾಸ್ತಿ.
– ಓದುಗರು, ಮಂಗಳೂರು

ಉತ್ತರ: ಬೇಡ ಅಂತೀನಿ. ಘಾಟಿ ಇಳಿಯುವಾಗ ಬ್ರೇಕ್ ಹಿಡಿದೇ ಇರುತ್ತೀರಿ, ಆ ಶಾಖವೆಲ್ಲ ರಿಮ್‌ಗೇ ಹೋಗುತ್ತದೆ. ಅಲ್ಯೂಮಿನಿಯಂ ಅದನ್ನು ಬೇಗ ಗಾಳಿಗೆ ಬಿಡುತ್ತದೆ, ಕಾರ್ಬನ್ ಬಿಡುವುದಿಲ್ಲ. ಕಾರ್ಬನ್ ಎಳೆಗಳನ್ನು ಹಿಡಿದಿಟ್ಟಿರುವ ಅಂಟು ಮೆತ್ತಗಾದರೆ ಗೋಡೆ ಉಬ್ಬುತ್ತದೆ. ಕಾರ್ಬನ್ ರಿಮ್ಮಿಗೆಂದೇ ಬೇರೆ ಬ್ರೇಕ್ ಕಟ್ಟೆ ಬೇಕು, ಮಳೆಯಲ್ಲಂತೂ ಹಿಡಿತ ತಡವಾಗಿ ಬರುತ್ತದೆ. ಮತ್ತೆ ನಿಮ್ಮೂರಿನ ಮಳೆ ಎಂಥದ್ದು ಅಂತ ನಾನು ಹೇಳಬೇಕಾ? ಡಿಸ್ಕ್ ಬ್ರೇಕ್ ಬೈಕಾದರೆ ಈ ತಕರಾರು ಇಲ್ಲ. ಆಗಲೂ ಹುಕ್‌ಲೆಸ್ ರಿಮ್ (ಟಯರಿನ ಅಂಚು ಹಿಡಿಯುವ ಕೊಕ್ಕೆ ಇಲ್ಲದ್ದು) ಆದರೆ ಗಾಳಿ 5 ಬಾರ್, ಅಂದರೆ ಸುಮಾರು 72 ಪಿಎಸ್‌ಐ ದಾಟಬಾರದು, ಟಯರೂ ಅದಕ್ಕೆ ಹೊಂದುವ ಟ್ಯೂಬ್‌ಲೆಸ್ಸೇ ಆಗಬೇಕು. ಕಡಲ ಗಾಳಿಗೆ ಅಲ್ಯೂಮಿನಿಯಂ ನಿಪ್ಪಲ್ ತುಕ್ಕು ಹಿಡಿದು ಜಾಮ್ ಆಗುತ್ತದೆ, ನಿಮಗೂ ಹಿತ್ತಾಳೆಯೇ.

ಪ್ರಶ್ನೆ: ಅಜ್ಜನ ಕಾಲದ ಸೈಕಲ್ಲಿನ 28 ಇಂಚಿನ ರಿಮ್ ಮನೆಯಲ್ಲಿದೆ. ನನ್ನ ರೋಡ್ ಬೈಕ್ ಟಯರಿನ ಮೇಲೂ 28 ಇಂಚು ಅಂತಿದೆ. ಕೂರುತ್ತಾ?
– ಓದುಗರು, ಹುಬ್ಬಳ್ಳಿ

ಉತ್ತರ: ಕೂರಲ್ಲ. ಟಯರ್ ಕೂರುವ ಜಾಗದ ಅಳತೆ ಆ ಕರಿ ಸೈಕಲ್ಲಿನ ರಿಮ್ಮಿಗೆ 635 ಮಿ.ಮೀ., ನಿಮ್ಮ ರೋಡ್ ಬೈಕಿನ ಟಯರಿಗೆ (700ಸಿ ಅಂತಾರಲ್ಲ, ಆ ಅಳತೆ) 622. ಇಂಚು ನೋಡಲೇಬೇಡಿ, ಟಯರಿನ ಪಕ್ಕದಲ್ಲಿ 28-622 ಅಂತ ಸಣ್ಣಗೆ ಅಚ್ಚಾಗಿರುತ್ತದೆ, ಅದರಲ್ಲಿನ 622 ನೋಡಿ ರಿಮ್ ತಗೊಳ್ಳಿ (ಅಲ್ಲಿರುವ 28 ಇಂಚಲ್ಲ, ಮಿ.ಮೀ.ನಲ್ಲಿ ಟಯರಿನ ಅಗಲ).